ಹ್ಯಾಟೆಯ ಮುನಿಸು

ಯುಗಾದಿಗೆ ಮದ್ದೂರಿನ ಹತ್ತಿರದ ನಮ್ಮೂರಿಗೆ ಬಂದಾಗ ಈ ಹ್ಯಾಟೆ ಕೋಳಿ ಆಗಷ್ಟೇ ಮರಿ ಮಾಡಿತ್ತು. ಹದ್ದಿನ ನೆರಳು ಬಿದ್ದರೆ ಸಾಕು, ಪಿಳ್ಳೆಗಳನ್ನೆಲ್ಲ ರೆಕ್ಕೆಯೊಳಗೆ ಸೇರಿಸಿಕೊಳ್ಳೋದು. ತಿಪ್ಪೆ ಕೆದಕಿ ಹುಳ ಸಿಕ್ಕರೆ ತಾನು ತಿನ್ನದೆ ಕೊಕ್ ಕೊಕ್ ಅಂತ ಕರೆಯೋದು. ನುಚ್ಚು ಹಾಕಲು ಹೋಗಿ ನಾನೂ ಕುಕ್ಕಿಸಿಕೊಂಡಿದ್ದೆ.

ಇವತ್ತು ನೋಡಿದರೆ ಅದೇ ಪಿಳ್ಳೆಗಳನ್ನು ಕುಕ್ಕಿ ಓಡಿಸ್ತಿದೆ!

‘ಎರಡು ತಿಂಗಳಾಯ್ತಲ್ಲ ಮಗ, ಪುಕ್ಕ ಬಲ್ತವೆ. ಅದು ಇನ್ನು ಮೊಟ್ಟೆಗೆ ಬರ್ಬೇಕು’ ಅಂದ್ಲು ಅವ್ವ.

21 ದಿನ ಕಾವು, ಆಮೇಲೆ ಹೆಚ್ಚೂಕಡಿಮೆ ಆರೆಂಟು ವಾರ ಸಾಕಣೆ. ಅಷ್ಟೇ ಲೆಕ್ಕ. (ನಾಟಿ ಕೋಳಿ ಮಾತಿದು. ಫಾರಂ ಮರಿಗೆ ಬಲ್ಬೇ ತಾಯಿ.)

ನನಗೀಗ ಮೂವತ್ತೆರಡು. ನಾಳೆ ಮೈಸೂರಿಗೆ ಹೊರಡಬೇಕು. ಅವ್ವ ಒಳಗೆ ನನಗೆ ಅಂತ ಹುರುಳಿಕಾಳು ಕಟ್ಟುತ್ತಿದ್ದಾಳೆ.