ಹಾಸ್ಟೆಲಿನಲ್ಲಿ ಒಬ್ಬ ಮೇಷ್ಟ್ರು

ಆಲೂರು, ಅರಕಲಗೂಡು, ಸಕಲೇಶಪುರದ ಹಳ್ಳಿಗಳಿಂದ ಹಾಸನಕ್ಕೆ ಓದಲು ಬರುವ ಮಕ್ಕಳಲ್ಲಿ ಅನೇಕರು ಹಾಸ್ಟೆಲ್‌ಗಳಲ್ಲಿ ಉಳಿಯುತ್ತಾರೆ. ಸಂಜೆ ಉಪನ್ಯಾಸಕರು ಮನೆಗೆ ಹೊರಟರೆ, ರಾತ್ರಿ ವಾರ್ಡನ್ ಹಾಜರಿ ಪುಸ್ತಕ ಹಿಡಿದು ಬರುತ್ತಾರೆ. ಊಟ ಮುಗಿಸಿ ತಟ್ಟೆ ತೊಳೆದಿಟ್ಟರೆ ದಿನ ಮುಗಿಯಿತು. ಕಲಿಕೆ ಕಾಲೇಜಿನ ಗೇಟಿನ ಒಳಗೆ ಮಾತ್ರ ನಡೆಯುವುದೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮಿಕಲ್‌ಜಾನ್ ಅವರು 1927ರಲ್ಲಿ ಆರಂಭಿಸಿದ ಎಕ್ಸ್‌ಪೆರಿಮೆಂಟಲ್ ಕಾಲೇಜು ಇದನ್ನು ಒಪ್ಪಲಿಲ್ಲ. ವಿದ್ಯಾರ್ಥಿಗಳು ಒಂದೇ ಕಟ್ಟಡದಲ್ಲಿ ವಾಸಿಸುತ್ತಿದ್ದರು, ಅಧ್ಯಾಪಕರ ಕೊಠಡಿಗಳೂ ಅಲ್ಲೇ ಇದ್ದವು. ಮೊದಲ ವರ್ಷ ಪ್ರಾಚೀನ ಅಥೆನ್ಸ್, ಎರಡನೆಯ ವರ್ಷ ಅಮೆರಿಕವನ್ನು ಓದುತ್ತಿದ್ದ ಅವರು, ತಮಗೆ ಪರಿಚಯವಿರುವ ಒಂದು ಪ್ರದೇಶವನ್ನು ಕುರಿತು ದೀರ್ಘ ಅಧ್ಯಯನವನ್ನೂ ಬರೆಯಬೇಕಿತ್ತು. ಕಾಲೇಜು 1932ರಲ್ಲಿ ಮುಚ್ಚಿತಾದರೂ, ಈ ಕೊನೆಯ ಪದ್ಧತಿ ನಮ್ಮ ಜಿಲ್ಲೆಗೆ ತೀರಾ ಹೊಂದುವಂಥದ್ದು ಎಂದು ನನಗೆ ಅನ್ನಿಸುತ್ತದೆ.

ಗೊರೂರಿನ ಹೇಮಾವತಿ ಜಲಾಶಯದಿಂದ ಮುಳುಗಡೆಯಾದ ಊರಿನ ಮನೆತನದ ಹುಡುಗಿ ಅಜ್ಜಿಯನ್ನು ಕೇಳಿ ಬರೆಯಬಹುದು. ಆಲೂಗಡ್ಡೆ ಬೆಳೆಯುವ ಮನೆಯ ಹುಡುಗ, ಬಿತ್ತನೆ ಗೆಡ್ಡೆ ದೂರದ ಪಂಜಾಬಿನ ಜಲಂಧರ್‌ನಿಂದಲೇ ಏಕೆ ಬರಬೇಕೆಂದು ಊಟದ ಸಾಲಿನಲ್ಲಿ ಕೇಳಿದರೆ, ಹಾಸ್ಟೆಲಿನಲ್ಲೇ ವಾಸವಿದ್ದು ಪಕ್ಕದಲ್ಲಿ ಕುಳಿತ ಸಸ್ಯಶಾಸ್ತ್ರದ ಉಪನ್ಯಾಸಕರು ಉತ್ತರದ ಬಯಲಿನ ಚಳಿಗಾಲದಲ್ಲಿ ವೈರಸ್ ಹರಡುವ ಗಿಡಹೇನುಗಳ ಕಾಟ ಕಡಿಮೆಯೆಂದೂ, ಆದ್ದರಿಂದ ಅಲ್ಲಿ ರೋಗವಿಲ್ಲದ ಬಿತ್ತನೆ ಬೆಳೆಸುವುದು ಸುಲಭವೆಂದೂ ವಿವರಿಸಬಹುದು. ಅಲ್ಲಿಂದ ಮಾತು ಬೆಳೆಗೆ ತಗಲುವ ಅಂಗಮಾರಿ ರೋಗಕ್ಕೆ, ಅಪ್ಪನ ಸಾಲಕ್ಕೆ, ಮಾರುಕಟ್ಟೆಯ ದರಕ್ಕೆ ಹೋಗುತ್ತದೆ. ಇಂಥ ಮಾತಿಗೆ ಒಂದು ಗಂಟೆಯ ತರಗತಿಯಲ್ಲಿ ಬಿಡುವೇ ಇರುವುದಿಲ್ಲ.

ಇದು ನಮಗೆ ತೀರಾ ಅಪರಿಚಿತವೂ ಅಲ್ಲ. ಮಾವಿನಕೆರೆಯ ನವೋದಯ ವಿದ್ಯಾಲಯದಂಥ ಶಾಲೆಗಳಲ್ಲಿ ಶಿಕ್ಷಕರು ಆವರಣದಲ್ಲೇ ವಾಸವಿದ್ದು ಸಂಜೆಯ ಓದನ್ನೂ ನೋಡಿಕೊಳ್ಳುತ್ತಾರೆ. ಹನ್ನೆರಡನೆಯ ತರಗತಿಯವರೆಗೆ ಮಕ್ಕಳಿಗೆ ಸಿಗುವ ಈ ಒಡನಾಟ, ಪ್ರಶ್ನೆಗಳು ದೊಡ್ಡದಾಗುವ ಪದವಿಯ ವಯಸ್ಸಿನಲ್ಲಿ ಏಕೆ ನಿಲ್ಲಬೇಕು?

ಸಂಸಾರವಂದಿಗರಾದ ಉಪನ್ಯಾಸಕರನ್ನು ಹಾಸ್ಟೆಲಿನಲ್ಲಿ ಇರಿ ಎಂದು ಬರಿಗೈಯಲ್ಲಿ ಹೇಳುವುದು ನ್ಯಾಯವಲ್ಲ. ಅವರಿಗೆ ಕುಟುಂಬದೊಂದಿಗೆ ಇರಲು ಯೋಗ್ಯವಾದ ಮನೆ ಕೊಡಬೇಕು, ಅವರ ಪಾಠದ ಅವಧಿಗಳನ್ನು ಕಡಿಮೆ ಮಾಡಬೇಕು, ಹಾಜರಿ ಮತ್ತು ಶಿಸ್ತಿನ ಕೆಲಸವನ್ನು ವಾರ್ಡನ್‌ಗೇ ಬಿಡಬೇಕು. ಮುಂದೆ ಕಟ್ಟುವ ಹಾಸ್ಟೆಲ್‌ಗಳ ನಕ್ಷೆಯಲ್ಲೇ ಆ ಮನೆಗೂ, ಒಂದು ಓದುವ ಕೋಣೆಗೂ ಜಾಗ ಗುರುತಿಸಬೇಕೆಂದು ಜಿಲ್ಲೆಯ ಜನಪ್ರತಿನಿಧಿಗಳಲ್ಲಿ ನನ್ನ ವಿನಂತಿ.