ಅಲುಗಿಹೋದ ಒಂದು ಫೋಟೋ

ಹೂವಿನ ಮಾರ್ಕೆಟ್‌ಗೆ ಹೋಗಿ ಯಾರಾದ್ರೂ ಕಪ್ಪು-ಬಿಳುಪು ಫೋಟೋ ತೆಗೀತಾರೇನೇ ಅಂತ ಅಕ್ಕ ಕೇಳಿದಳು. ಹೋದ ಭಾನುವಾರ ಬೆಳಿಗ್ಗೆ ಐದಕ್ಕೇ ಕೆ.ಆರ್. ಮಾರ್ಕೆಟ್‌ನಲ್ಲಿದ್ದೆ. ಕನಕಾಂಬರ, ಸೇವಂತಿಗೆ, ಚೆಂಡುಹೂವು, ಎಲ್ಲಾ ರಾಶಿ ರಾಶಿ. ಬಣ್ಣ ಇದ್ದರೆ ನನ್ನ ಕಣ್ಣು ಆ ರಾಶಿ ಬಿಟ್ಟು ಏಳುವುದಿಲ್ಲ. ಬಣ್ಣ ತೆಗೆದಾಗ ಮೊಳ ಹಾಕುವ ಕೈ ಕಾಣುತ್ತದೆ, ಒದ್ದೆ ನೆಲ ಕಾಣುತ್ತದೆ, ಮೂಟೆ ಹೊತ್ತವರ ಕತ್ತು ಕಾಣುತ್ತದೆ.

ಹೀಗೆ ನೋಡೋದನ್ನು ನನಗೆ ಕಲಿಸಿದ್ದು ಜಪಾನಿನ ಫೋಟೋಗ್ರಾಫರ್ ದೈದೊ ಮೊರಿಯಾಮಾ ಅವರ ಫೋಟೋಗಳು. 1938ರಲ್ಲಿ ಒಸಾಕಾ ಸೀಮೆಯ ಇಕೆಡಾದಲ್ಲಿ ಹುಟ್ಟಿದವರು, 1961ರಲ್ಲಿ ಟೋಕಿಯೋಗೆ ಬಂದರು. ಅಲ್ಲಿನ ಶಿಂಜುಕು ಬೀದಿಗಳನ್ನು ದಶಕಗಟ್ಟಲೆ ಸುತ್ತಿದ್ದಾರೆ. ಕೈಯಲ್ಲಿ ಜೇಬಿಗೆ ಹಿಡಿಸುವ ರಿಕೋ ಜಿಆರ್ ಕ್ಯಾಮೆರಾ. ಎಷ್ಟೋ ಸಲ ಕಣ್ಣಿಗೆ ಹಿಡಿಯುವುದೂ ಇಲ್ಲ, ನಡೀತಾ ನಡೀತಾನೇ ಕ್ಲಿಕ್ ಮಾಡುತ್ತಾರೆ. 1968ರಲ್ಲಿ ಶುರುವಾದ ‘ಪ್ರೊವೋಕ್’ ಪತ್ರಿಕೆಯ ಎರಡನೇ ಸಂಚಿಕೆಗೆ ಬಂದು ಸೇರಿಕೊಂಡರು. ಬಂದಿದ್ದು ಮೂರೇ ಸಂಚಿಕೆ. ಆ ಗುಂಪಿನ ಫೋಟೋಗಳನ್ನು ಜಪಾನಿನವರು ‘ಅರೆ, ಬುರೆ, ಬೊಕೆ’ ಅನ್ನುತ್ತಾರೆ: ಒರಟು, ಅಲುಗಾಟ, ಫೋಕಸ್ ತಪ್ಪಿದ್ದು.

1971ರಲ್ಲಿ ಮಿಸಾವಾ ಅನ್ನುವ ಊರಲ್ಲಿ ಅವರು ತೆಗೆದ ಬೀದಿನಾಯಿಯ ಫೋಟೋ ಇದೆ. ಅಮೆರಿಕದ ವಾಯುನೆಲೆ ಇರುವ ಊರು ಅದು. ನಾಯಿ ಕತ್ತು ತಿರುಗಿಸಿ ನೋಡುತ್ತಿದೆ, ಅಷ್ಟೇ. ಆ ನೋಟ ನಮಗೂ ಗೊತ್ತಲ್ವಾ? ಅವೆನ್ಯೂ ರಸ್ತೆಯಲ್ಲಿ ಅಂಗಡಿ ಮುಚ್ಚಿದ ಮೇಲೆ ಮೆಟ್ಟಿಲ ಮೇಲೆ ಮಲಗಿರುವ ನಾಯಿ ತಲೆ ಎತ್ತಿ ನೋಡುವುದೂ ಹಾಗೇ. ಇವಳು ತಿನ್ನೋಕೆ ಕೊಡ್ತಾಳಾ, ಕಲ್ಲು ಎತ್ತಿಕೊಳ್ತಾಳಾ ಅಂತ.

ಭಾನುವಾರ ಹಿಂದಿನಿಂದ ‘ಸೈಡು, ಸೈಡು!’ ಅಂತ ಕೂಗು ಬಂತು. ಪಕ್ಕಕ್ಕೆ ಸರಿಯುತ್ತಲೇ ಸೊಂಟದ ಹತ್ತಿರ ಹಿಡಿದಿದ್ದ ಕ್ಯಾಮೆರಾ ಒತ್ತಿದೆ. ಬೆಳಕು ಕಡಿಮೆ, ಶಟರ್ ನಿಧಾನ. ಬುಟ್ಟಿ ಹೊತ್ತವರ ಮುಖ ಒಂದು ಬಿಳಿ ಗೀಟಾಗಿ ಹರಿದುಹೋಗಿದೆ. ಮೊದಲಾಗಿದ್ದರೆ ಅಲ್ಲೇ ಡಿಲೀಟ್ ಮಾಡುತ್ತಿದ್ದೆ. ಆದರೆ ಅವರು ನನ್ನನ್ನು ದಾಟಿದ್ದು ಹಾಗೇ. ಗಾಳಿ, ಬೆವರು, ಸುಗಂಧರಾಜದ ವಾಸನೆ, ಮುಗಿಯಿತು. ಮುಖ ನಾನೂ ನೋಡಿರಲಿಲ್ಲ.

‘ಮುಖವೇ ಕಾಣಲ್ವಲ್ಲೇ’ ಅಂದಳು ಅಕ್ಕ. ಆಮೇಲೆ ತುಂಬಾ ಹೊತ್ತು ಫೋನ್ ವಾಪಸ್ ಕೊಡಲಿಲ್ಲ. ‘ಭಾರ ಜಾಸ್ತಿ ಇದೆ ಕಣೇ, ಮೊಣಕಾಲು ನೋಡು’ ಅಂದಳು.

ಪ್ರಿಂಟ್ ಹಾಕಿಸಿದ್ದೇನೆ. ಈ ಭಾನುವಾರ ಅವರನ್ನು ಹುಡುಕಿ ಕೊಡಬೇಕು. ಫೋಟೋದಲ್ಲಿ ಸ್ಪಷ್ಟವಾಗಿ ಬಂದಿರುವುದು ಬುಟ್ಟಿಯ ಅಂಚು ಮಾತ್ರ. ಒಂದು ಕಡೆ ಮುರಿದಿದೆ, ಅಲ್ಲಿ ಹಳೆ ಸೀರೆಯ ತುಂಡು ಸುತ್ತಿದ್ದಾರೆ. ಅದೇ ಗುರುತು.