ಆಕ್ಸಲ್ ಹೊಸದು, ಡ್ರಾಪ್‌ಔಟ್ ಸೊಟ್ಟ

ಹಾಲಿನವರ ಸೈಕಲ್ಲು: ಸ್ಟೀಲ್ ಫ್ರೇಮು, 36 ಕಡ್ಡಿಯ ಹಿಂದಿನ ಚಕ್ರ, ಅದರ ಬಲಕ್ಕೆ ಚೈನ್ ಕೂರೋ 7 ಗೇರಿನ ಫ್ರೀವೀಲು, ಕ್ಯಾರಿಯರಿಗೆ ಎರಡು ಹಾಲಿನ ಕ್ಯಾನು. ಮಂಡ್ಯದ ನಾಲೆ ಏರಿ ಮೇಲೆ ದಿನಾ ಓಡೋ ಗಾಡಿ. ಉಳಿದದ್ದೆಲ್ಲ ಗಟ್ಟಿ, ಹಿಂದಿನ ಆಕ್ಸಲ್ (ಚಕ್ರದ ನಡುವಿನ ಕಂಬಿ) ಮಾತ್ರ ಹೊಸದು ಹಾಕಿದಷ್ಟೂ ತುಂಡು. ಮುರಿಯೋ ಜಾಗವೂ ಅದೇ, ಬಲಗಡೆ ಕೋನ್ (ಬೇರಿಂಗ್ ಬಾಲ್ಸನ್ನ ಒತ್ತಿ ಹಿಡಿಯೋ ನಟ್) ಪಕ್ಕ.

ಫ್ರೀವೀಲ್ ಹಬ್‌ನಲ್ಲಿ (ಚಕ್ರದ ಗುಂಬದಲ್ಲಿ) ಬಲಗಡೆ ಬಾಲ್ಸು ಫ್ರೀವೀಲಿಗಿಂತ ಒಳಗೆ ಕೂರುತ್ತೆ. ಅಲ್ಲಿಂದ ಡ್ರಾಪ್‌ಔಟ್‌ವರೆಗೆ, ಅಂದರೆ ಆಕ್ಸಲ್ ಸಿಕ್ಕಿಸೋ ಫ್ರೇಮಿನ ಸೀಳಿನವರೆಗೆ, ಆಕ್ಸಲಿಗೆ ಆಸರೆ ಇಲ್ಲ. ಸರಿ, ಆದರೆ ಇಷ್ಟು ಬೇಗ ಹೋಗೋಕೆ ಅದೊಂದೇ ಸಾಲದು. ಮುರಿದ ಮುಖ ನೋಡಿದರೆ ಅರ್ಧ ಕಪ್ಪಗೆ ನುಣ್ಣಗಿದೆ, ಇನ್ನರ್ಧ ಹೊಳೆಯೋ ತರಿತರಿ. ಅಂದರೆ ಒಂದೇ ಏಟಿಗೆ ಮುರಿದದ್ದಲ್ಲ. ಥ್ರೆಡ್ ಬುಡದಲ್ಲಿ ಬಿರುಕು ನಿಧಾನಕ್ಕೆ ಬೆಳೆದು ಕೊನೆಗೆ ಕೈಕೊಟ್ಟಿದೆ. ಡ್ರಾಪ್‌ಔಟ್ ಎರಡೂ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ನಟ್ ಬಿಗಿ ಮಾಡಿದಾಗಲೇ ಆಕ್ಸಲ್ ಬಗ್ಗಿರುತ್ತೆ. ಹಳ್ಳ-ದಿಣ್ಣೆಯ ಪೆಟ್ಟು ಅದರ ಮೇಲೆ.

ಮೊದಲು ದಾರ. ಒಂದು ಡ್ರಾಪ್‌ಔಟ್‌ಗೆ ಕಟ್ಟಿ, ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಪೈಪು) ಸುತ್ತಿಸಿ, ಇನ್ನೊಂದಕ್ಕೆ ಬಿಗಿಯಾಗಿ ಎಳೆಯಿರಿ. ಸೀಟ್ ಟ್ಯೂಬಿಗೂ ದಾರಕ್ಕೂ ಎರಡೂ ಕಡೆ ಒಂದೇ ಅಂತರ ಇರಬೇಕು. 1 ಎಂಎಂ ಆಚೀಚೆ ಪರವಾಗಿಲ್ಲ. ಇಲ್ಲಿ ಎಡಕ್ಕೆ 31, ಬಲಕ್ಕೆ 28. ಮರದ ಹಿಡಿ ತೂರಿಸಿ ಒಂದೊಂದೇ ಸ್ಟೇ (ಹಿಂದಿನ ಚಕ್ರ ಹಿಡಿಯೋ ಪೈಪು) ಬಗ್ಗಿಸಿದ್ದಾಯ್ತು. ಸ್ಟೀಲು ವಾಪಸ್ ಬರುತ್ತೆ, ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಎಳೀಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಇದನ್ನ ಮಾಡೋಕೇ ಹೋಗಬೇಡಿ. ಲೋಡ್ ಗಾಡಿಗೆ ಸ್ಟೀಲೇ ಬೇಕು ಅನ್ನೋದು ಇದಕ್ಕೇ: ತೂಕ ಹಾಳಾಗಿಹೋಗ್ಲಿ, ಬಗ್ಗಿದರೆ ನೆಟ್ಟಗೆ ಮಾಡಬಹುದು.

ಸ್ಟೇ ಅಲುಗಾಡಿದರೆ ಡ್ರಾಪ್‌ಔಟ್ ಕೋನವೂ ತಿರುಗುತ್ತೆ, ಅದಕ್ಕೇ ಡ್ರಾಪ್‌ಔಟ್ ನೆಟ್ಟಗೆ ಮಾಡೋದು ಎರಡನೇ ಕೆಲಸ. ದುಬಾರಿ ಟೂಲ್ ಬೇಡ. ಹಾರ್ಡ್‌ವೇರ್ ಅಂಗಡಿಯ 10 ಎಂಎಂ ಥ್ರೆಡ್ ರಾಡು, 90 ಎಂಎಂನ ಎರಡು ತುಂಡು. ಒಂದೊಂದು ಡ್ರಾಪ್‌ಔಟ್‌ಗೂ ಒಂದೊಂದು, ಎರಡೂ ಬದಿ ವಾಷರ್, ನಟ್. ಹಳೇ ನಟ್ ಕಚ್ಚಿ ಎದ್ದಿರೋ ಚೂರನ್ನ ಮೊದಲು ಅರದಿಂದ ಉಜ್ಜಿ, ಇಲ್ಲದಿದ್ದರೆ ರಾಡು ಸುಳ್ಳು ಹೇಳುತ್ತೆ. ಡ್ರಾಪ್‌ಔಟ್ ನಡುವೆ 130 ಎಂಎಂ ಇರೋ ಫ್ರೇಮಿನಲ್ಲಿ ರಾಡಿನ ತುದಿಗಳು ಎದುರುಬದುರು, ನಡುವೆ ಒಂದಿಷ್ಟು ಸಂದು. ಇಲ್ಲಿ ಬಲಗಡೆ ತುದಿ 4 ಎಂಎಂ ಕೆಳಗೆ! ದೊಡ್ಡ ಸ್ಕ್ರೂ ಸ್ಪ್ಯಾನರ್ ಹಿಡಿದು ಮೆಲ್ಲಗೆ ಬಗ್ಗಿಸಿ, ಎರಡೂ ತುದಿ ನೇರ ನೋಡಿದ ಮೇಲೆ ಆಕ್ಸಲ್.

ಆಕ್ಸಲ್ ತರೋದೇ ಒಂದು ಗೋಳು. ಅಂಗಡಿಯವರಿಗೆ ಹಿಂದಿನದು ಅಂದರೆ ಎಲ್ಲಾ ಒಂದೇ. 3/8 ಇಂಚು ದಪ್ಪ, ಇಂಚಿಗೆ 26 ಥ್ರೆಡ್ಡಿನ ಆಕ್ಸಲಿಗೆ 10×1 (10 ಎಂಎಂ ದಪ್ಪ, 1 ಎಂಎಂ ಥ್ರೆಡ್) ಕೋನ್ ಹಾಕಿ ಕೊಡ್ತಾರೆ. ಹತ್ತುತ್ತೆ, ಆದರೆ ಲೊಡಲೊಡ, ಕೋನ್ ಸಡಿಲವಾಗದ ಹಾಗೆ ಬಿಗಿಯೋ ಚೆಕ್ ನಟ್ ಹಿಡಿಯಲ್ಲ. ಕ್ಯಾಲಿಪರ್ ಜೇಬಲ್ಲಿರಲಿ: 9.5ರ ಆಸುಪಾಸು ಬಂದರೆ ಇಂಚಿನದು. ಬಾಲ್ಸು ಬದಿಗೆ 9, ಕಾಲಿಂಚಿನವು. ಹಳೆಯವನ್ನ ಮತ್ತೆ ಹಾಕಬೇಡಿ.